ದಶಾಂಶದ ನೀರು

ಸುಶ್ಮಿತಾ ಹೊಸದಾಗಿಸಿದ ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಓಡಿತು. ದಂಡೋತಿ ಊರಿನ ಎಮ್ಮೆಗಳಿಗೆ ಮಾತ್ರ ಕುಡಿಯಲು ನೀರು ಸಿಗಲಿಲ್ಲ.

"ಏನವ್ವಾ, ನಿನ್ನ ಕಂಪ್ಯೂಟರ್ ನಮ್ಮ ಎಮ್ಮಿ ಮ್ಯಾಲ ಸಿಟ್ಟಾಗ್ಯಾದೇನು?" ಯಂಕಮ್ಮ ಪಂಪ್‌ಹೌಸಿನ ಬಾಗಿಲಲ್ಲೇ ನಿಂತು ಕೇಳಿದಳು. "ದಿನಾ ಕಡೀಕ ತೊಟ್ಟಿಗಿ ನೀರು ಬರ್ತಿತ್ತು. ಈಗ ಒಂದು ಹನಿ ಇಲ್ಲ. ಹೊಳಿಗಿ ಹೊಡಕೊಂಡು ಹೋಗಬೇಕಂದ್ರ ದಂಡಿ ತುಂಬಾ ಕೆಸರು. ಹ್ವಾದ ವರ್ಷ ನನ್ನ ಕರಾ ಅಲ್ಲೇ ಸಿಕ್ಕೊಂಡು ಸತ್ತದ."

ಸುಶ್ಮಿತಾಳ ಮುಖ ಸಪ್ಪಗಾಯಿತು. ಕಾಗಿಣಾ ನದಿಯ ನೀರನ್ನು ಹೊಲಗಳಿಗೆ ಪಾಳಿಯ ಮೇಲೆ ಹಂಚುವ ಪ್ರೋಗ್ರಾಂ ಅದು. ಯಾರೋ ಎಂದೋ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ಆವೃತ್ತಿಯಲ್ಲಿ ಬರೆದದ್ದು. ನೀರು ಸಂಘದ ಹೊಸ ಕಂಪ್ಯೂಟರಿನಲ್ಲಿ ಓಡಲು ಒಪ್ಪಿರಲಿಲ್ಲ. ವಾರಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡು ಅವಳೇ ಅದನ್ನು ಹೊಸ ಪೈಥಾನ್‌ಗೆ ಒಗ್ಗಿಸಿದ್ದಳು. ಈಗ ಮತ್ತೆ ಒಂದೊಂದೇ ಸಾಲು ನೋಡುತ್ತ ಬಂದವಳು ಒಂದು ಭಾಗಾಕಾರದ ಹತ್ತಿರ ಗಕ್ಕನೆ ನಿಂತಳು. ಪಂಪಿನ ನಿಮಿಷಗಳನ್ನು ಹೊಲಗಳಿಗೆ ಭಾಗ ಮಾಡುವಾಗ ಹಳೆಯದು ದಶಾಂಶವನ್ನು ಸುಮ್ಮನೆ ಬಿಟ್ಟುಬಿಡುತ್ತಿತ್ತು. ಹೀಗೆ ಯಾರಿಗೂ ಸೇರದೆ ಮಿಕ್ಕ ನಿಮಿಷಗಳಲ್ಲಿ ನೀರು ದನಗಳ ತೊಟ್ಟಿಗೆ ಹರಿಯುತ್ತಿತ್ತು. ಹೊಸದು ಮಹಾ ಲೆಕ್ಕಾಚಾರದ್ದು. ಒಂದು ಸೆಕೆಂಡೂ ಉಳಿಸದೆ ಹೊಲಗಳಿಗೇ ಹಂಚಿ ಕೈ ಕೊಡವಿಕೊಂಡಿತ್ತು.

"ಯಾರಿಗೂ ಹೇಳಬ್ಯಾಡ, ಸುಮ್ಮ ಮೊದಲಿನಂಗ ಮಾಡಿಬಿಡು," ಎಂದರು ಅವಳಿಂದ ವಿಷಯ ಕೇಳಿದ ಸಂಘದ ಅಧ್ಯಕ್ಷ ಅಮರನಾಥ. "ಕೇಳಿದ್ರ ಒಬ್ಬನೂ ತನ್ನ ನೀರು ಬಿಡಾಂಗಿಲ್ಲ."

ಅದೇನು ದೊಡ್ಡ ಕೆಲಸವಲ್ಲ. ಭಾಗಾಕಾರದ ಗೆರೆಯ ಪಕ್ಕ ಇನ್ನೊಂದು ಗೆರೆ ಹಾಕಿದರೆ ಮುಗಿಯಿತು, ದಶಾಂಶ ಮೊದಲಿನಂತೆ ಬಿಟ್ಟುಹೋಗುತ್ತಿತ್ತು. ಬೆರಳು ಕೀಬೋರ್ಡಿನವರೆಗೂ ಹೋಯಿತು, ಮನಸ್ಸು ಒಪ್ಪಲಿಲ್ಲ.

"ಬ್ಯಾಡ್ರಿ ಕಾಕಾ. ಮುಂದ ನನ್ನಂಥಾಕಿ ಇನ್ನೊಬ್ಬಾಕಿ ಬಂದು, ಇದು ತಪ್ಪದ ಅಂತ ಮತ್ತ ತಿದ್ದತಾಳ. ದನಾ ಮತ್ತ ನೀರಡಿಸಿ ನಿಂದರತಾವ. ನಾ ಎಲ್ಲಾರಿಗೂ ಕೇಳೇ ಮಾಡ್ತೀನಿ."

ಸಂಜೆ ಸಭೆ ಸೇರಿತು. ಮಿಕ್ಕ ನಿಮಿಷಗಳ ವಿಷಯವನ್ನು ಅವಳು ಇದ್ದಂತೆ ಹೇಳಿ, ದನಗಳಿಗೆ ನೀರು ಬಿಡುತ್ತೀರಾ ಎಂದು ಕೇಳಿದಳು. ಗದ್ದಲವೋ ಗದ್ದಲ. ಎಲ್ಲರಿಗಿಂತ ಜಾಸ್ತಿ ಕೂಗಾಡಿದ ರೈತ ಜಟ್ಟೆಪ್ಪನೇ ಕಡೆಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ. "ಇಷ್ಟು ದಿನಾ ನನ್ನ ಎತ್ತು ಕದ್ದು ನೀರು ಕುಡದಾವೇನು? ಮಾನ ಹೋದಂಗಾಯ್ತಲ್ಲ! ಅವಕ್ಕೊಂದು ಪಾಲು ಅಂತ ಹಾಕು. ನಂದ್ರಾಗ ಮೊದಲು ಮುರಕೊ."

ಆಮೇಲೆ ಉಳಿದವರೂ ಗೊಣಗುತ್ತಲೇ ಹೂಂ ಅಂದರು. ಸುಶ್ಮಿತಾ ಪಾಲುದಾರರ ಸಾಲಿಗೆ ‘ದನಕರು’ ಎಂದು ಸೇರಿಸಿದಳು. ಪಾಳಿ ಬಂದಾಗ ಸುದ್ದಿ ಕಳಿಸಲು ಪ್ರೋಗ್ರಾಂ ಉಳಿದವರಿಗೆ ಕೇಳುವಂತೆ ದನಕರುಗಳದ್ದೂ ಫೋನ್ ನಂಬರ್ ಕೇಳಿತು. ಅವಳು ಯಂಕಮ್ಮನದನ್ನು ಕೊಟ್ಟಳು.

ಮರುದಿನ ತೊಟ್ಟಿಯ ಹತ್ತಿರ ಯಂಕಮ್ಮನ ಫೋನ್ ಸದ್ದು ಮಾಡಿತು. ಸುಶ್ಮಿತಾ ಇಸಿದುಕೊಂಡು ಓದಿದಳು: "ಶ್ರೀ ದನಕರು ಅವರೇ, ನಿಮ್ಮ ಪಾಳಿ ಬಂದಿದೆ."

ಯಂಕಮ್ಮ ಸೆರಗು ಸರಿಮಾಡಿಕೊಂಡು, ಫೋನನ್ನು ಎಮ್ಮೆಯ ಕಿವಿಯ ಹತ್ತಿರ ಹಿಡಿದಳು.

"ನಡೀರಿ ಅಮ್ಮಾವ್ರ, ನಿಮಗೇ ಕರ್ಯಾಕತ್ತಾರ."