ಉಳಿದ ಒಂದು ಬಿಲ್ಲೆ

ದಿನಕ್ಕೆ ಐದೇ ಅಪ್ಪಣೆ. ಬೆಳಿಗ್ಗೆ ನಮ್ಮ ಮದ್ದೂರಿನ ಗಾರ್ಮೆಂಟ್ಸ್ ಗೇಟಿನಲ್ಲಿ ಸೂಪರ್‌ವೈಸರ್‌ಗಳಿಗೆ ಐದು ಬಿಲ್ಲೆ ಕೊಡುತ್ತಾರೆ. ಟೈಲರ್‌ಗಳಿಗೆ ಒಂದೂ ಇಲ್ಲ. ಒಂದು ಅಪ್ಪಣೆ ಬಾಯಿಂದ ಹೊರಟರೆ ಒಂದು ಬಿಲ್ಲೆ ಕರಗುತ್ತದೆ. ಬಿಲ್ಲೆ ಮುಗಿದ ಮೇಲೆ ಅಪ್ಪಣೆಗೆ ದನಿಯೇ ಹೊರಡುವುದಿಲ್ಲ, ಉಳಿದ ಮಾತಿಗೆ ಅಡ್ಡಿಯಿಲ್ಲ. ನಾನು ಬಾಯಿಬಡುಕಿ. ಟೀ ಹೊತ್ತಿಗೆ ನಾಲ್ಕು ಖಾಲಿ.

ಆಗಲೇ ಕಣ್ಣಿಗೆ ಬಿತ್ತು, ನಮ್ಮ ಲೈನಿನ ಅಂಗಿಗಳಲ್ಲಿ ಜೇಬು ಸೊಟ್ಟ. ಸಂಜೆಯ ಲಾರಿಗೆ ನಾನೂರು ಅಂಗಿ ಹೋಗಬೇಕು. ‘ಎಲ್ಲಾ ಬಿಚ್ಚಿ ಹೊಲಿ’ ಎಂದು ಜೇಬು ಹೊಲಿಯುವ ಪುಟ್ಟಗೌರಿಯ ಮೇಲೆ ಹಾರಿಬೀಳಲು ಬಾಯಿ ತೆರೆದವಳು, ಇರುವುದೊಂದೇ ಬಿಲ್ಲೆಯೆಂದು ಮಾತು ನುಂಗಿಕೊಂಡೆ.

“ಯಾಕ್ ಪುಟ್ಟಗೌರಿ ಹಿಂಗಾಗೈತೆ?”

ಅವಳು ಮೆಷಿನ್ ನಿಲ್ಲಿಸಿದಳು. “ಗುರುತು ಹಾಕೋ ರಟ್ಟು ಸವೆದೋಗೈತೆ ಅಕ್ಕ. ಗುರುತೇ ಸೊಟ್ಟ ಬೀಳ್ತೈತೆ.”

“ಮೊದ್ಲೇ ಯಾಕ್ ಹೇಳ್ಲಿಲ್ಲ?”

“ನೀವ್ ಯಾವತ್ ಕೇಳಿದ್ರಿ?”

ಹೊಸ ರಟ್ಟನ್ನು ಅವಳೇ ಕತ್ತರಿಸಿದಳು. ಕೆಟ್ಟ ಜೇಬುಗಳನ್ನು ಲೈನಿನವರೆಲ್ಲ ಹಂಚಿಕೊಂಡು ಬಿಚ್ಚಿದರು, ನಾನು ಹೇಳದೆಯೇ. ಲಾರಿ ಐದಕ್ಕೆ ಸರಿಯಾಗಿ ಹೊರಟಿತು.

ಇಷ್ಟು ವರ್ಷ ನಾನು ಬೈದದ್ದೆಲ್ಲ ಎಷ್ಟು ಸವೆದ ರಟ್ಟುಗಳಿಗೋ! ಉಳಿದ ಬಿಲ್ಲೆಯನ್ನು ಪುಟ್ಟಗೌರಿಯ ಅಂಗೈಯಲ್ಲಿಟ್ಟೆ.

“ಇದು ನಿಂದು ಕಣವ್ವ.”

ಅವಳು ಎದ್ದು ತನ್ನ ಸ್ಟೂಲನ್ನು ನನ್ನತ್ತ ತಳ್ಳಿದಳು. ಲೈನಿನಲ್ಲಿ ಸೂಪರ್‌ವೈಸರ್ ಕೂರುವ ಪದ್ಧತಿಯಿಲ್ಲ. ಹತ್ತೊಂಬತ್ತು ವರ್ಷ ನಾನು ನಿಂತೇ ಇದ್ದೆ.

“ಕುಂತ್ಕಳಿ ಅಕ್ಕ,” ಎಂದಳು.

ಬಿಲ್ಲೆ ಅವಳ ಅಂಗೈಯಲ್ಲಿ ಕರಗಿತು. ನಾನು ಕೂತೆ.