ತೂತು ಬಿದ್ದ ಪೇರಳೆ

ಹಣ್ಣಿನ ವ್ಯಾಪಾರಿ ಧನರಾಜ ಪೇರಳೆಯನ್ನು ಎರಡು ಹೋಳು ಮಾಡಿದ. ಏಳು ಸುತ್ತಿನ ಕೋಟೆಯೊಳಗೆ ನಿದ್ದೆಹೋಗಿದ್ದ ರಾಜಕುಮಾರನ ಹಾಗೆ ಬಿಳಿ ಹುಳವೊಂದು ತಲೆಯೆತ್ತಿತು.

“ಎಂತ ಪ್ರಫುಲ್ಲಕ್ಕ, ಹುಳವನ್ನೂ ಸೇರಿಸಿ ತೂಕ ಹಾಕುವುದಾ? ನಾಯ್ಮಾರ್ಮೂಲೆ ಪೇಟೆಯಲ್ಲಿ ಇದನ್ನು ಯಾರೂ ಮುಟ್ಟಲಿಕ್ಕಿಲ್ಲ. ಮರಕ್ಕೆ ಸ್ವಲ್ಪ ಹುಳದ ಮದ್ದು ಬಿಟ್ಟರೆ ನಿಮಗೆ ಎಂತ ಆಗ್ತದೆ?”

ಪ್ರಫುಲ್ಲಾ ತನ್ನ ಹಿತ್ತಲಿನ ಪೇರಳೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಹುಳದ ಮದ್ದು ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದ ಅವಳ ತಮ್ಮ ಇಂದಿಗೂ ಚಾಪೆಯಿಂದ ಎದ್ದಿಲ್ಲ. ಈ ಬುಟ್ಟಿ ಮಾರಿದರೆ ಅವನಿಗೆ ಮಾತ್ರೆ. ಧನರಾಜನಿಗೆ ಅದೆಲ್ಲ ಗೊತ್ತುಂಟು.

ಅವಳು ಬುಟ್ಟಿ ಎತ್ತಿಕೊಂಡಾಗ ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಮನೆಗೆ ನಾಲ್ಕು ಕೊಡಿ ಅಕ್ಕ. ಮಗಳು ಬಸುರಿ. ಮದ್ದು ಬಿಟ್ಟದ್ದು ಕೊಡ್ಲಿಕ್ಕೆ ಹೆದರಿಕೆ ಆಗ್ತದೆ.”

ಬುಟ್ಟಿಗೆ ಕೈಹಾಕಿ, ತೂತು ಇದ್ದವನ್ನೇ ಹುಡುಕಿ ಹುಡುಕಿ ಆರಿಸತೊಡಗಿದ.