ಪೆಂಚೋ ಮಾಮನ ಸಾವು

ಪೆಂಚೋ ಮಾಮ ತನ್ನದೇ ಸಾವಿನ ಚೀಟಿಯನ್ನು ತಂದು ಝಿವ್ಕಾಳ ಮೇಜಿನ ಮೇಲೆ ಪಟ್ಟನೆ ಬಡಿದ. ಕಂಪ್ಯೂಟರ್ ಮುಂದೆ ತೂಕಡಿಸುತ್ತಿದ್ದವಳು ಬೆಚ್ಚಿಬಿದ್ದು ಕಣ್ಣುಬಿಟ್ಟಳು.

"ನಮ್ಮ ಬಿಲ್ಡಿಂಗ್ ಬಾಗಿಲಿಗೆ ಅಂಟಿಸಿದ್ದಾರೆ ಕಣಮ್ಮ! ಕೆಳಗಿನ ಮನೆ ರುಸಾಂಕಾ ಎರಡು ಸೇವಂತಿಗೆ ಹಿಡ್ಕೊಂಡು ಬಂದು ಬೆಲ್ ಮಾಡಿದ್ಲು. ಬಾಗಿಲು ತೆಗೆದಿದ್ದು ನಾನೇ. ಹೂವು ನನ್ನ ಮುಖಕ್ಕೆ ಎಸೆದು ಓಡಿದ್ಲು! ಒಂದು ಫೋಟೋನಾದ್ರೂ ಹಾಕಬಾರದಿತ್ತಾ?"

ಕಪ್ಪು ಅಂಚು, ಮೇಲೊಂದು ಶಿಲುಬೆ, ಕೆಳಗೆ ಝಿವ್ಕಾಳೇ ಬರೆದ ಸಾಲು: 'ಎಲ್ಲರ ಪ್ರೀತಿಯ ಪೆಂಚೋ ಇನ್ನಿಲ್ಲ.' ವಿದಿನ್ ಊರಿನಲ್ಲಿ ಯಾರು ಸತ್ತರೂ ಬಾಗಿಲಿಗೆ, ಮರಕ್ಕೆ, ಬಸ್ ಸ್ಟಾಪಿಗೆ ಅಂಟುವ ಚೀಟಿಗಳು ಅವಳು ಕೆಲಸ ಮಾಡುವ ಈ ಪ್ರಿಂಟಿಂಗ್ ಅಂಗಡಿಯವೇ. ಟೈಪ್ ಮಾಡುವವಳು ಅವಳು. ಪ್ರಿಂಟ್ ತೆಗೆದು ಅಂಟಿಸಿ ಬರುವವನು ಆಸೆನ್. ಅವನು ಓದುವ ಗೋಜಿಗೆ ಹೋಗುವವನಲ್ಲ.

"ತಪ್ಪಾಯ್ತು ಮಾಮ. ಅದು ನನ್ನ ಕಾದಂಬರೀದು."

"ಎಂಥಾ ಕಾದಂಬರಿ?"

"ಈ ನವೆಂಬರ್ ಒಂದೇ ತಿಂಗಳಲ್ಲಿ ಬರೆದು ಮುಗಿಸ್ತೀನಿ ಅಂತ ನನಗೆ ನಾನೇ ಪಣ ಹಾಕ್ಕೊಂಡಿದ್ದೆ. ಇವತ್ತೇ ಕೊನೇ ದಿನ. ಹೊಸ ಹೆಸರು ಹುಡುಕೋಕೆ ಪುರುಸೊತ್ತಿಲ್ಲದೆ ನಮ್ಮ ಬಿಲ್ಡಿಂಗ್‌ನವರ ಹೆಸರು, ವಿಳಾಸಾನೇ ಹಾಕ್ಬಿಟ್ಟೆ. ಸಾವಿನ ಚೀಟಿ ಬರೋ ಕಡೆ ಅಭ್ಯಾಸಕ್ಕೆ ಕೈ ತಾನೇ ಅಂಗಡಿ ಚೀಟಿಗಳ ಫೈಲಿಗೇ ಹೋಗಿ ಟೈಪ್ ಮಾಡಿಬಿಡ್ತು."

ಅವಳ ದನಿಯಲ್ಲಿ ಕ್ಷಮೆ ಕೇಳುವಷ್ಟು ಕೂಡ ಜೀವ ಉಳಿದಿರಲಿಲ್ಲ. ಕಣ್ಣುಗಳು ಉರಿಯುತ್ತಿದ್ದವು, ಮಣಿಕಟ್ಟು ಬಾತಿತ್ತು. ಹಿಂದೆ ಎಷ್ಟೋ ಸಲ ಶುರುಮಾಡಿ ಅರ್ಧಕ್ಕೇ ಕೈಬಿಟ್ಟಿದ್ದಳು. ಈ ಸಲವೂ ಬಿಟ್ಟರೆ ಇನ್ನು ಬರೆಯುವ ಮಾತೇ ಎತ್ತುವುದಿಲ್ಲ ಎಂದುಕೊಂಡಿದ್ದಳು.

ಪೆಂಚೋ ಮಾಮ, ಸತ್ತವರ ಮನೆಯವರು ಕೂರುವ ಕುರ್ಚಿಯಲ್ಲಿ ಕೂತ. ಕೋಪಕ್ಕಿಂತ ಕುತೂಹಲ ಹೆಚ್ಚಾಗಿತ್ತು.

"ನಾನು ಹೆಂಗೆ ಸತ್ತೆ?"

"ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಂಡ್ರಿ."

"ಲಿಫ್ಟ್ ಕೆಟ್ಟಿರೋದು ನಿಜಾನೇ ಬಿಡು. ಆಮೇಲೆ?"

"ಹೂಳಿದ್ರು. ಆಮೇಲೆ ರುಸಾಂಕಾ ಮಗಳ ಮದುವೆ. ಅದೊಂದು ಬರೆದ್ರೆ ಮುಗೀತು."

"ಹೂಳಿದ ಕೈಯಲ್ಲೇ ಮದುವೆ ಊಟಾನಾ? ಇರಲಿ. ಯಾರ್ಯಾರು ಅತ್ರು?"

ಝಿವ್ಕಾ ಪರದೆಯನ್ನು ಮೇಲಕ್ಕೆ ಸರಿಸಿದಳು, ಕೆಳಕ್ಕೆ ಸರಿಸಿದಳು. ಪಾದ್ರಿ ಬಂದಿದ್ದ, ಗುಂಡಿ ತೋಡಿದ್ದರು, ಎಲ್ಲರೂ ಬೇಗಬೇಗ ಮನೆಗೆ ಹೋಗಿದ್ದರು.

"ಯಾರೂ ಇಲ್ಲ ಮಾಮ," ಎಂದಳು ಮೆಲ್ಲಗೆ. "ಅವಸರದಲ್ಲಿ ಮರೆತೇಬಿಟ್ಟೆ. ಈಗ ಅದನ್ನ ಬರೆಯೋಕೆ ಕೂತ್ರೆ ಇವತ್ತು ಮುಗಿಯಲ್ಲ."

ಪೆಂಚೋ ಮಾಮ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನನಗೇನಮ್ಮ ಅವಸರ, ಸತ್ತಿದ್ದೀನಲ್ಲ. ಯಾರಾದ್ರೂ ಒಬ್ರು ಅಳೋವರೆಗೂ ಇಲ್ಲೇ ಕೂತಿರ್ತೀನಿ."